ಗದ್ದಿಗೆಯ ಮುಂದಿನ ಗಿಡ

ಶ್ರಾವಣದ ಜಡಿಮಳೆಯಲ್ಲಿ ಮೈಸೂರಿನಿಂದ ಹುಣಸೂರಿನ ಬಸ್ಸು ಹತ್ತಿದಾಗ ನನ್ನ ಹತ್ತಿರ ಒಂದು ಕೊಡೆ, ಒಂದು ಜೊತೆ ಬಟ್ಟೆ ಮತ್ತು ಬೇಕಾದಷ್ಟು ಕುತೂಹಲವಿತ್ತು. ಗೆಳೆಯ ಶಾಮಣ್ಣನ ತೊಡೆಯ ಮೇಲೆ ಒಂದು ಹೊರೆ ಕರಪತ್ರ. ಅವನು ನಿವೃತ್ತ ಮೇಷ್ಟ್ರು. ಕಾಫಿಯನ್ನೂ ಮುಟ್ಟದವನು. ಗಾಂಜಾ ನಿಷೇಧಿಸಬೇಕೆಂದು ಊರೂರು ಸುತ್ತಿ ಭಾಷಣ ಮಾಡುವುದು ಅವನಿಗೆ ಹಿಡಿದಿದ್ದ ಹುಚ್ಚು. ಅವನ ಹುಚ್ಚು ನೋಡುವುದು ನನ್ನ ಹುಚ್ಚು, ಹಾಗಾಗಿ ಜೊತೆಗೆ ಹೊರಟಿದ್ದೆ.

ಅದು ಅರವತ್ತರ ದಶಕದ ಕೊನೆ. ಆಗ ಗಾಂಜಾವನ್ನು ಪರವಾನಗಿ ಅಂಗಡಿಗಳಲ್ಲಿ ರಾಜಾರೋಷವಾಗಿ ಮಾರುತ್ತಿದ್ದರು. ಪರವಾನಗಿ ಇಲ್ಲದೆ ಬೆಳೆಯುವುದು ಅಪರಾಧವಾಗಿದ್ದರೂ ಹಿತ್ತಿಲಲ್ಲಿ ಒಂದೆರಡು ಗಿಡ ಕಂಡರೆ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಅಂಗಡಿ ಮುಚ್ಚಬೇಕೋ ಇರಬೇಕೋ ಎಂದು ಚರ್ಚಿಸಲು ಕೆ.ಆರ್. ನಗರದಲ್ಲಿ ಒಂದು ಸಭೆ ಗೊತ್ತುಮಾಡಿದ್ದರು. ಅಲ್ಲಿ ಆದ ಠರಾವನ್ನು ಸರ್ಕಾರಕ್ಕೆ ಕಳಿಸುವ ಕಾರ್ಯದರ್ಶಿ ನಮ್ಮ ಶಾಮಣ್ಣನೇ. ಸಭೆಗೆ ಮುಂಚೆ ಅವನಿಗೊಬ್ಬ ಸಾಕ್ಷಿ ಬೇಕಿತ್ತು, ಗಾಂಜಾ ಸೇದಿ ಹಾಳಾದ ಒಬ್ಬ ಮನುಷ್ಯ. ಅಂಥವನನ್ನು ವೇದಿಕೆಯ ಮೇಲೆ ನಿಲ್ಲಿಸಿದರೆ ಎದುರು ಪಕ್ಷದವರ ಬಾಯಿ ಕಟ್ಟುತ್ತದೆ ಎಂದು ಅವನ ಲೆಕ್ಕ.

ಹುಣಸೂರಿನಲ್ಲಿ ಇಡ್ಲಿ ತಿಂದು, ಪಿರಿಯಾಪಟ್ಟಣದಲ್ಲಿ ಬಸ್ಸು ಬದಲಿಸಿ ಮಧ್ಯಾಹ್ನಕ್ಕೆ ಬೆಟ್ಟದಪುರ ಸೇರಿದೆವು. ಬೆಟ್ಟದ ತಲೆ ಮೋಡದೊಳಗಿತ್ತು. ಊರಿಗೆಲ್ಲ ಹೊಗೆಸೊಪ್ಪು ಬೇಯುವ ಸಿಹಿಗಾಟು ವಾಸನೆ. ಒಬ್ಬ ರೈತ ಸೊಪ್ಪು ಹದ ಮಾಡುವ ಬ್ಯಾರನ್ನಿನ ಒಲೆಗೆ ಸೌದೆ ತುರುಕುತ್ತಿದ್ದ. ಶಾಮಣ್ಣ ಕರಪತ್ರ ಕೊಟ್ಟ. ರೈತ ಅದನ್ನು ಪೂರ್ತಿ ಓದಿ, ಮಡಿಚಿ, ಜೇಬಿಗಿಟ್ಟುಕೊಂಡ.

"ಅಲ್ಲ ಕಣ್ರೀ ಮೇಷ್ಟ್ರೇ, ಈ ಸೊಪ್ಪು ಬೆಳುದ್ರೆ ಸರ್ಕಾರ ಸಾಲ ಕೊಡ್ತದೆ, ಆ ಸೊಪ್ಪು ಬೆಳುದ್ರೆ ಕೋಳ ಹಾಕ್ತದೆ. ಎಲ್ಡೂ ಒಗೆನೇ ಅಲ್ವುರಾ?"

"ಇದು ವಾಣಿಜ್ಯ ಬೆಳೆ," ಎಂದ ಶಾಮಣ್ಣ.

"ಆಯ್ತು ಬುಡಿ," ಎಂದು ರೈತ ನಕ್ಕ. ನನಗೂ ನಗು ತಡೆಯಲಾಗಲಿಲ್ಲ. ಶಾಮಣ್ಣ ಮುಖ ಗಂಟಿಕ್ಕಿಕೊಂಡ. ಆದರೆ ಅವನಿಗೆ ಬೇಕಾಗಿದ್ದ ಸುಳಿವು ಸಿಕ್ಕಿದ್ದು ಅಲ್ಲಿಯೇ. ಎಚ್.ಡಿ. ಕೋಟೆ ಕಡೆ ಕಾಡಂಚಿನ ಒಂದು ಊರಲ್ಲಿ ತಂಬೂರಿ ಹಿಡಿದು ಕಥೆ ಹಾಡುವ ಮಾದಯ್ಯ ಎಂಬವನಿದ್ದಾನೆ, ಗುರುವಿನ ಗದ್ದಿಗೆಯ ಮುಂದೆಯೇ ಬಂಗಿ ಗಿಡ ಬೆಳೆಸಿದ್ದಾನೆ ಎಂದ ರೈತ. ಗಾಂಜಾಕ್ಕೆ ಆ ಕಡೆಯವರು ಬಂಗಿ ಎನ್ನುತ್ತಾರೆ.

ರಾತ್ರಿ ಹುಣಸೂರಿನಲ್ಲಿ ತಂಗಿ, ಮರುದಿನ ಎಚ್.ಡಿ. ಕೋಟೆಗೆ ಹೋದೆವು. ಅಲ್ಲಿಂದ ಮುಂದೆ ಸೌದೆ ಲಾರಿಯೊಂದು ಹತ್ತಿಸಿಕೊಂಡಿತು. ಕೊನೆಯ ಎರಡು ಮೈಲಿ ಕೆಸರಿನಲ್ಲಿ ನಡಿಗೆ. ಶಾಮಣ್ಣನ ಒಂದು ಚಪ್ಪಲಿ ಕೆಸರಿನ ಪಾಲಾಯಿತು. ದಾರಿಯಲ್ಲಿ ಸಿಕ್ಕಿದ, ಕಾಡುಜನರ ಹಾಡಿಯ ಹೆಂಗಸರು, ಒಂದೇ ಕಾಲಿಗೆ ಚಪ್ಪಲಿ ಹಾಕಿದ್ದ ಖಾದಿಯವನನ್ನು ಕಂಡು ಬಾಯಿಗೆ ಸೆರಗು ಒತ್ತಿಕೊಂಡು ಹೋದರು.

ಹಾಳಾದ ಮನುಷ್ಯನನ್ನು ಹುಡುಕಿಕೊಂಡು ಹೋದವರಿಗೆ ಸಿಕ್ಕಿದವನು ರಾಗಿ ಹೊಲದಲ್ಲಿ ಕಳೆ ಕೀಳುತ್ತಿದ್ದ ಗಟ್ಟಿಮುಟ್ಟಾದ ಮುದುಕ. ಮಾದಯ್ಯ ಕೈ ತೊಳೆದು ಬಂದು ನಮ್ಮನ್ನು ಜಗಲಿಯಲ್ಲಿ ಕೂರಿಸಿದ. ಸೊಸೆ ಮುದ್ದೆ, ಹುರುಳಿಸಾರು ಬಡಿಸಿದಳು. ಅಂಥ ಸಾರು ನಾನು ಆಮೇಲೆ ಎಲ್ಲೂ ಉಂಡಿಲ್ಲ.

"ದಿನಕ್ಕೆ ಎಷ್ಟು ಸಲ ಸೇದುತ್ತೀಯಪ್ಪ?" ಶಾಮಣ್ಣ ಪೆನ್ಸಿಲು ತೆಗೆದ.

"ನಾನಾ ಬುದ್ಧಿ? ಎದೆ ಕಟ್ಟಿದ್ ಮ್ಯಾಲೆ ಬುಟ್ಟೆ."

ಶಾಮಣ್ಣ ಪೆನ್ಸಿಲು ಕೆಳಗಿಟ್ಟ. ಮಾದಯ್ಯ ನಮ್ಮನ್ನು ಗದ್ದಿಗೆಯ ಹತ್ತಿರ ಕರೆದುಕೊಂಡು ಹೋದ. ಮಣ್ಣಿನ ಕಟ್ಟೆ, ಮೇಲೆ ಹೆಂಚಿನ ಮಾಡು, ಗೋಡೆಗೆ ಒರಗಿಸಿದ ತಂಬೂರಿ. ಮುಂದೆ ಮುಳ್ಳಿನ ಬೇಲಿಯೊಳಗೆ ಒಂದೇ ಒಂದು ಗಿಡ, ನನ್ನ ಎದೆಯ ಎತ್ತರ. ಪೂಜೆಯ ದಿನ ಅದರ ಒಣ ಸೊಪ್ಪನ್ನು ಒಂದು ಚಿಟಿಕೆ ಗದ್ದಿಗೆಗೆ ಏರಿಸಿ, ಬಂದವರಿಗೆ ಪ್ರಸಾದ ಕೊಟ್ಟು, ಆಮೇಲೆ ತಂಬೂರಿ ಮುಟ್ಟಬೇಕು. ಸೊಪ್ಪು ಏರದೆ ಗುರುವಿನ ಕಥೆ ಹಾಡುವಂತಿಲ್ಲ.

"ಅಂಗಡಿಯಲ್ಲಿ ಸಿಗುತ್ತದಲ್ಲ, ತಂದು ಏರಿಸಬಹುದಲ್ಲ?" ಎಂದು ನಾನು ಕೇಳಿದೆ.

ಮಾದಯ್ಯ ನನ್ನನ್ನು ಕನಿಕರದಿಂದ ನೋಡಿದ. "ಕಾಸು ಮುಟ್ಟಿದ್ದು ಗದ್ದಿಗೆಗೆ ಏರಕಿಲ್ಲ ಬುದ್ಧಿ. ಕೊಂಡ್ಕಳಂಗಿಲ್ಲ, ಮಾರಂಗಿಲ್ಲ. ಕೈಯಿಂದ ಕೈಗೆ ಕೊಡ್ಬೇಕು ಅಷ್ಟೇಯ. ಯಾರು ಈಸ್ಕಂಡ್ರೋ ಅವ್ರು ಗದ್ದಿಗೆ ಋಣಕ್ಕೆ ಬಿದ್ದಂಗೆ. ಅದ್ರು ಕಷ್ಟಕ್ಕೆ ಒಂದು ದಿನ ನಿಂತ್ಕಬೇಕು."

ಕಳೆದ ತಿಂಗಳು ಅಬಕಾರಿಯವರು ಬಂದು, ಮುಂದೆ ಬಿಗಿ ಹುಕುಂ ಬಂದರೆ ಇದನ್ನೂ ಕಿತ್ತೆಸೆಯುತ್ತೇವೆ ಎಂದು ಹೇಳಿ ಹೋಗಿದ್ದರಂತೆ. ಹುಕುಂ ಬರುವುದು ಸಭೆಗಳಿಂದ ಎಂದು ನಮ್ಮ ಬಾಯಿಂದ ತಿಳಿದ ಕೂಡಲೇ ಮಾದಯ್ಯ ಎದ್ದು ನಿಂತ. "ಅಂಗಾರೆ ನಾನೂ ಬತ್ತೀನಿ. ಒಂದ್ ಮಾತು ಯೋಳ್ತೀನಿ, ಬರ್ಕಳಿ." ಶಾಮಣ್ಣ ಪೇಚಿಗೆ ಸಿಕ್ಕಿದ. ಸಾಕ್ಷಿಯನ್ನು ಕರೆಯಲು ಬಂದವನು ಬೇಡ ಎನ್ನುವುದು ಹೇಗೆ?

ಮೂರನೆಯ ದಿನ ಮೂವರೂ ಹುಣಸೂರಿನ ಮೇಲೆ ಕೆ.ಆರ್. ನಗರಕ್ಕೆ ಬಂದೆವು. ಮಾದಯ್ಯನ ಟಿಕೆಟ್ಟು ಶಾಮಣ್ಣನೇ ತೆಗೆದ. ಶಾಲೆಯ ಹಾಲಿನಲ್ಲಿ ಭೇರ್ಯ, ಹೊಸ ಅಗ್ರಹಾರದ ಕಡೆಯಿಂದಲೂ ಜನ ಬಂದು ಕೂತಿದ್ದರು. ಗಾಂಜಾದಿಂದ ಸಂಸಾರಗಳು ಬೀದಿಗೆ ಬಿದ್ದದ್ದನ್ನು ಶಾಮಣ್ಣ ಕಣ್ಣೀರು ಬರುವಂತೆ ಹೇಳಿದ. ಎದುರು ಪಕ್ಷದ ವಕೀಲರು, ಅಂಗಡಿ ಮುಚ್ಚಿದರೆ ಕಳ್ಳಮಾರಾಟ ಹೆಚ್ಚುತ್ತದೆ, ಸರ್ಕಾರದ ಆದಾಯವೂ ಹೋಗುತ್ತದೆ ಎಂದರು. ಇಬ್ಬರ ಮಾತೂ ನನಗೆ ಸರಿಯೆನಿಸಿತು. ಎತ್ತ ವಾಲಲಿ ಎಂದು ತಿಳಿಯದೆ ಕೂತಿದ್ದೆ.

ಹಿಂದಿನ ಸಾಲಿನಿಂದ ಮಾದಯ್ಯ ಎದ್ದ. "ಅವ್ರು ಮುಚ್ಬೇಕು ಅಂತಾರೆ, ಇವ್ರು ಮಾರ್ಬೇಕು ಅಂತಾರೆ. ನಂಗೆ ಎಲ್ಡೂ ಬ್ಯಾಡ. ಗದ್ದಿಗೆ ಮುಂದ್ಲ ಒಂದ್ ಗಿಡ ಬುಟ್ಬುಡಿ."

"ನೀವು ಯಾವ ಪಕ್ಷ? ಮೊದಲು ಅದನ್ನು ಹೇಳಿ," ಎಂದರು ಅಧ್ಯಕ್ಷರು. ಸಭೆ ನಕ್ಕಿತು. ಮಾದಯ್ಯನೂ ನಕ್ಕು ಕೂತ. ತನಗೆ ಒಪ್ಪಿಗೆ ಸಿಕ್ಕಿತೆಂದು ಅವನು ತಿಳಿದಿರಬೇಕು.

ಕೊನೆಗೆ ಎರಡು ಪಕ್ಷಗಳೂ ರಾಜಿಯಾದವು. ಪರವಾನಗಿ ಅಂಗಡಿ ಇರಲಿ, ಆದರೆ ಮನೆಯಲ್ಲಾಗಲಿ ಹೊಲದಲ್ಲಾಗಲಿ ಒಂದು ಗಿಡವೂ ಇರಕೂಡದು ಎಂದು ಠರಾವಾಯಿತು. ಚಪ್ಪಾಳೆಯ ನಂತರ ಉಪ್ಪಿಟ್ಟು ಬಂತು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎನ್ನುತ್ತಾರೆ. ಇಲ್ಲಿ ಕೂಸು ಬಡವಾದದ್ದು ಇಬ್ಬರ ಸ್ನೇಹದಲ್ಲಿ.

ಬಸ್‌ಸ್ಟ್ಯಾಂಡಿನಲ್ಲಿ ನಾನೇ ಮಾದಯ್ಯನಿಗೆ ಠರಾವಿನ ಅರ್ಥ ಬಿಡಿಸಿ ಹೇಳಿದೆ. ಅವನು ಕೋಪ ಮಾಡಲಿಲ್ಲ. ಸೊಂಟದಿಂದ ಒಂದು ಬಟ್ಟೆಯ ಗಂಟು ಬಿಚ್ಚಿ, ಹೋದ ವರ್ಷದ ಒಣ ಸೊಪ್ಪನ್ನು ಒಂದಿಷ್ಟು ಬಾಳೆಯ ಪಟ್ಟೆಯಲ್ಲಿ ಸುತ್ತಿ ಶಾಮಣ್ಣನ ಮುಂದೆ ಹಿಡಿದ. "ಗದ್ದಿಗೆವರ್ಗೂ ಬಂದಿದ್ರಿ. ಅವತ್ತೇ ಕೊಡ್ಬೇಕಾಗಿತ್ತು, ಮರ್ತೆ."

ಶಾಮಣ್ಣ ನನ್ನನ್ನು ನೋಡಿದ. ನಾನು ಬಸ್ಸಿನ ಬೋರ್ಡು ನೋಡಿದೆ. ಪ್ರಸಾದ ಬೇಡವೆನ್ನುವುದು ಅವನ ಏಳು ತಲೆಮಾರಿಗೆ ತಿಳಿಯದ ವಿದ್ಯೆ. ಎರಡು ಕೈ ಒಡ್ಡಿ ತೆಗೆದುಕೊಂಡು, ಕಣ್ಣಿಗೊತ್ತಿಕೊಂಡು, ಕರಪತ್ರದ ಹೊರೆಯೊಳಗಿಟ್ಟ. ಮಾದಯ್ಯ ಹುಣಸೂರಿನ ಬಸ್ಸು ಹತ್ತಿದ.

ಮೈಸೂರಿನ ದಾರಿಯಲ್ಲಿ ತನಿಖೆಯವರು ಬಸ್ಸು ನಿಲ್ಲಿಸಿದರು. ಅಬಕಾರಿಯ ಜವಾನ ಒಬ್ಬೊಬ್ಬರ ಚೀಲ ಮುಟ್ಟುತ್ತಾ ಬಂದ. ಶಾಮಣ್ಣನ ಕರಪತ್ರದ ಹೊರೆಯ ಮೇಲೆ ಕೈಯಿಟ್ಟ. "ಏನ್ರೀ ಇದ್ರಲ್ಲಿ?"

ಜನ್ಮದಲ್ಲಿ ಸುಳ್ಳು ಹೇಳದವನು ಬೆವರುತ್ತಾ ಹೇಳಿದ: "ಪ್ರಸಾದ."

ಜವಾನ ಪಟ್ಟೆ ಬಿಚ್ಚಿದ, ಮೂಸಿದ. ಪರವಾನಗಿ ಅಂಗಡಿಯದಲ್ಲದ ಸೊಪ್ಪು ಸಿಕ್ಕರೆ ಕೇಸು. "ಯಾವ ಗದ್ದಿಗೆದು?" ಎಂದು ಮೆಲ್ಲಗೆ ಕೇಳಿದ. ಶಾಮಣ್ಣ ಹೇಳಿದ. ಜವಾನ ಆಚೀಚೆ ನೋಡಿ, ಟೋಪಿ ತೆಗೆದು ಕಂಕುಳಲ್ಲಿಟ್ಟುಕೊಂಡು ಅಂಗೈ ಚಾಚಿದ. "ನಮ್ಮವ್ವ ನಡ್ಕಳೋ ಗುರು ಸ್ವಾಮಿ. ಒಸಿ ಕೊಡಿ." ಶಾಮಣ್ಣ ಚಿಟಿಕೆಯಷ್ಟು ಕೊಟ್ಟ. ಕೈಯಿಂದ ಕೈಗೆ. ಜವಾನ ಕಣ್ಣಿಗೊತ್ತಿಕೊಂಡು ಇಳಿದು ಶಿಳ್ಳೆ ಹಾಕಿದ.

ಬಸ್ಸು ಹೊರಟ ಮೇಲೆ ಶಾಮಣ್ಣ ನನ್ನ ಪೆನ್ನು ಕೇಳಿ ಇಸಿದುಕೊಂಡ. ಠರಾವಿನ ಕಾಗದವನ್ನು ತೊಡೆಯ ಮೇಲೆ ಹರಡಿ, 'ಒಂದು ಗಿಡವೂ ಇರಕೂಡದು' ಎಂಬುದರ ಮುಂದೆ, ಕುಲುಕಾಟದಲ್ಲಿ ಸೊಟ್ಟಸೊಟ್ಟಗೆ ಬರೆದ: 'ಗದ್ದಿಗೆಗಳ ಮುಂದಿನ ಒಂದು ಗಿಡ ಹೊರತು.'

"ಸಭೆ ಇದಕ್ಕೆ ಒಪ್ಪಿಲ್ಲವಲ್ಲೋ!" ಎಂದೆ.

"ಸಭೆ ಪ್ರಸಾದ ಇಸಿದುಕೊಂಡಿಲ್ಲ," ಎಂದ ಶಾಮಣ್ಣ. "ನಾನು ಇಸಿದುಕೊಂಡಿದ್ದೀನಿ."