ಸಾವಿನ ಸುದ್ದಿಗೆ ಬಳಸತಕ್ಕದ್ದಲ್ಲ

ಆ ದನಿಯನ್ನು ಈಗ ನಾನು ಬೇಕೆಂದು ಮಾಡುವುದಿಲ್ಲ, ತಾನಾಗಿ ಬರುತ್ತದೆ. ಸಿಡ್ನಿಯ ಬ್ಲ್ಯಾಕ್‌ಟೌನ್ ರೈಲಿನಲ್ಲಿ ಯಾರಾದರೂ ದಾರಿ ಕೇಳಿದರೆ, ಉತ್ತರ ಕೊಡುವುದು ನಾನೋ ಅದೋ ಎಂದು ಒಂದು ಕ್ಷಣ ಬಾಯಿ ಮುಚ್ಚಿ ಕಾಯುತ್ತೇನೆ.

ಅದು ನಮ್ಮ ಕಂಪನಿಯ ಟ್ಯಾಬ್ಲೆಟ್ಟಿನ ದನಿ. ಇಂಗ್ಲಿಷ್ ಬಾರದ ರೋಗಿಗಳ ಜೊತೆ ಆಸ್ಪತ್ರೆಯಲ್ಲಿ ಕನ್ನಡ ಮಾತಾಡುವ ಎಐ. ಅದನ್ನು ಯಾವುದಕ್ಕೆ ಬಳಸಬೇಕು, ಯಾವುದಕ್ಕೆ ಕೂಡದು ಎಂದು ಸರ್ಕಾರದ ನಿಯಮಕ್ಕೆ ತಕ್ಕಂತೆ ಬರೆದಿಡುವುದು ಸಿಡ್ನಿ ಆಫೀಸಿನಲ್ಲಿ ನನ್ನ ಕೆಲಸ. ಊಟ, ನೋವು, ಅಪಾಯಿಂಟ್‌ಮೆಂಟ್ ಸರಿ. ಸಾವಿನ ಸುದ್ದಿ ಕೂಡದು. ಬರೆದು ಬೇಜಾರಾದಾಗ ಅದೇ ಸಪಾಟು ದನಿ ತೆಗೆದು, ಅದು ರೋಗಿಗಳ ನೋವು ಅಳೆಯುವ ಧಾಟಿಯಲ್ಲೇ ಸಹೋದ್ಯೋಗಿಗಳಿಗೆ, "ನಿಮ್ಮ ಬಾಸ್ ಎಷ್ಟು ನೋಯಿಸುತ್ತಿದ್ದಾರೆ? ಒಂದರಿಂದ ಹತ್ತರೊಳಗೆ ಹೇಳಿ" ಎನ್ನುತ್ತಿದ್ದೆ. ಮೈಸೂರಿನವರಾದ ಬಾಸೇ ನಗುತ್ತಾ, "ಮಿಮಿಕ್ರಿಗೆ ಬಳಸಬಾರದು ಅಂತಲೂ ಸೇರಿಸ್ಬಿಡಯ್ಯಾ" ಎನ್ನುತ್ತಿದ್ದರು.

ಬಳಕೆ ಹೇಗಿದೆ ಎಂದು ನೋಡಲು ಮೆಲ್ಬರ್ನಿನ ಆಸ್ಪತ್ರೆಯೊಂದಕ್ಕೆ ಹೋದೆ. ಎದೆಯ ಸೋಂಕಿನಿಂದ ಮಲಗಿದ್ದ ವಯಸ್ಸಾದ ಆಂಟಿಯೊಬ್ಬರು ಟ್ಯಾಬ್ಲೆಟ್ಟನ್ನು ಕೇಳುತ್ತಿದ್ದರು.

"ನಮ್ಮ ಯಜಮಾನ್ರು ಊಟ ಮಾಡಿದ್ರಾ?"

"ನಿಮ್ಮ ಊಟ ಮಧ್ಯಾಹ್ನ ಬರುತ್ತದೆ."

"ನಂದಲ್ಲಪ್ಪಾ, ಅವರದ್ದು!"

ಬೆಳಿಗ್ಗೆಯಿಂದ ಇದೇ ಆಗಿದೆ ಎಂದು ನರ್ಸ್ ಪಿಸುಗುಟ್ಟಿದಳು. ಅದೇ ವಾರ್ಡಿನ ಕೊನೆಯ ಕೋಣೆಯಲ್ಲಿದ್ದ ಅವರ ಗಂಡ ಅಂದು ಬೆಳಿಗ್ಗೆಯೇ ತೀರಿಕೊಂಡಿದ್ದರು. ಮಗಳು ಇನ್ನೂ ವಿಮಾನದಲ್ಲಿದ್ದಳು. ಫೋನಿನಲ್ಲಿ ಕನ್ನಡ ದುಭಾಷಿ ಯಾರೂ ಸಿಕ್ಕಿರಲಿಲ್ಲ. ಡಾಕ್ಟರ್ ಬಂದು, ಸುದ್ದಿಯನ್ನು ಅದರಿಂದಲೇ ಹೇಳಿಸಲು ಟ್ಯಾಬ್ಲೆಟ್ಟಿಗೆ ಕೈ ಚಾಚಿದರು. "ಇದು ಅದಕ್ಕಲ್ಲ, ಹಾಗಂತ ಬರೆದವನೇ ನಾನು" ಎಂದು ತಡೆದೆ.

"ಹಾಗಾದರೆ ನೀನೇ ಹೇಳುತ್ತೀಯಾ?"

ಬಾಯಿ ತೆರೆದೆ. ಹೆದರಿಕೆಗೆ ಹೊರಬಂದದ್ದು ಟ್ಯಾಬ್ಲೆಟ್ಟಿನ ಆ ದನಿ. "ನಿಮ್ಮ ಯಜಮಾನರು ಇಂದು ಬೆಳಿಗ್ಗೆ ತೀರಿಕೊಂಡರು."

ಆಂಟಿ ನನ್ನತ್ತ ನೋಡಲೇ ಇಲ್ಲ. ಟ್ಯಾಬ್ಲೆಟ್ಟಿಗೆ ಮೊಮ್ಮಗುವನ್ನು ತಿದ್ದುವಂತೆ ಹೇಳಿದರು: "ಮತ್ತೆ ತಪ್ಪು ಹೇಳ್ತಿದೀಯ. ಸರಿಯಾಗಿ ಕೇಳ್ಕೊಂಡು ಬಾ."

ಅದನ್ನು ಆಫ್ ಮಾಡಿ ಮಂಚದ ಪಕ್ಕ ಕೂತೆ. "ಆಂಟಿ, ಹೇಳಿದ್ದು ಮಿಷನ್ ಅಲ್ಲ, ನಾನು. ಅಂಕಲ್ ಹೋಗ್ಬಿಟ್ರು." ದನಿ ಒಡೆದು ಕೀರಲಾಯಿತು. ನನ್ನದೇ ದನಿಯನ್ನು ನಾನು ಅಷ್ಟು ಕೆಟ್ಟದಾಗಿ ಎಂದೂ ಅನುಕರಿಸಿರಲಿಲ್ಲ.

ಅವರು ನನ್ನ ಬಾಯನ್ನೇ ನೋಡಿದರು. "ಹೋಗೋವಾಗ ಅವರ ಪಕ್ಕದಲ್ಲಿ ಯಾರಿದ್ರಪ್ಪಾ?"

ನನಗೆ ಗೊತ್ತಿರಲಿಲ್ಲ. ನರ್ಸನ್ನು ಕೇಳಿ ಹೇಳಿದೆ: "ಇವರೇ ಇದ್ರಂತೆ. ಕೈ ಹಿಡ್ಕೊಂಡಿದ್ರಂತೆ."

"ಯಾವ ಕೈಯಲ್ಲಿ, ಕೇಳು."

ನರ್ಸ್ ಬಲಗೈ ಚಾಚಿದಳು. ಆಂಟಿ ಅದನ್ನು ಎರಡೂ ಕೈಗಳಲ್ಲಿ ಹಿಡಿದುಕೊಂಡರು, ಬಿಡಲಿಲ್ಲ.