ಸಿಂಧೂರದ ಅಡಿಯ ಕಲ್ಲು

ಪುರಾತತ್ತ್ವದಲ್ಲಿ ಎಂ.ಎ. ಮುಗಿಸಿದ ವರ್ಷ ನನಗೆ ಸಿಕ್ಕ ಕೆಲಸ, ರಸ್ತೆ ಅಗಲವಾಗುವ ಮೊದಲು ಆ ದಾರಿಯಲ್ಲಿ ಹಳೆಯದು ಏನಾದರೂ ಇದೆಯೇ ಎಂದು ನಡೆದು ನೋಡಿ ಬರೆದುಕೊಡುವುದು. ನೆರೂಳದಿಂದ ಲೋಕಲ್ ರೈಲು ಹಿಡಿದು, ಥಾಣೆಯಲ್ಲಿ ಬದಲಿಸಿ, ಡೊಂಬಿವಲಿಯಲ್ಲಿ ಇಳಿಯುತ್ತಿದ್ದೆ. ಸರ್ವೆಯ ಮುಖ್ಯಸ್ಥರಾಗಿದ್ದ ಸರ್ ಜೀಪಿನಲ್ಲಿ ಕಾದಿರುತ್ತಿದ್ದರು. ಅವರು ಧಾರವಾಡದ ಕಡೆಯವರು. ತಂಡ ಎಂದರೆ ನಾವಿಬ್ಬರೇ.

ಕಲ್ಯಾಣದ ಆಚೆಯ ಒಂದು ಹಳ್ಳಿಯ ಅಂಚಿನಲ್ಲಿ, ರಸ್ತೆಗೆಂದು ಎಳೆದ ಸುಣ್ಣದ ಗೆರೆಯ ಒಳಗೆ, ಸೊಂಟದೆತ್ತರದ ಕಲ್ಲೊಂದಿತ್ತು. ಎಣ್ಣೆಯಲ್ಲಿ ಕಲಸಿದ ಸಿಂಧೂರವನ್ನು ತಲೆಮಾರುಗಳಿಂದ ಬಳಿದು ಅದು ಕಿತ್ತಳೆ ಬಣ್ಣದ ಉಬ್ಬಿದ ಆಕಾರವಾಗಿತ್ತು. ಅದರಲ್ಲಿ ಎರಡು ಬೆಳ್ಳಿಯ ಕಣ್ಣು. ಊರ ಗಡಿ ಕಾಯುವ ದೇವರು. ಪಕ್ಕದ ಮನೆಯ ಅಜ್ಜಿ, ಮರಾಠಿಯಲ್ಲಿ ಆಜಿ, ಪ್ರತಿ ಮಂಗಳವಾರ ಸಿಂಧೂರ ಬಳಿಯುತ್ತಿದ್ದರು. ಕಲ್ಲಿಗೆ ರಸ್ತೆಯ ಬದಿಯಲ್ಲಿ ಅಮೃತಶಿಲೆಯ ಗುಡಿ ಕಟ್ಟಿಕೊಡುತ್ತೇವೆ ಎಂದು ರಸ್ತೆ ಕೆಲಸದವರು ಹೇಳಿದಾಗ ಊರೆಲ್ಲ ಒಪ್ಪಿತ್ತು. ಒಪ್ಪದವರು ಆಜಿ ಒಬ್ಬರೇ.

"ಗಡಿಯಿಂದ ಕಿತ್ತಮೇಲೆ ಅವನು ಏನು ಕಾಯ್ತಾನೆ, ಪೋರಿ? ಟ್ರಕ್ಕುಗಳನ್ನಾ?" ಎಂದು ಅವರು ಮರಾಠಿಯಲ್ಲಿ ಕೇಳಿದರು.

ಈ ಸೀಮೆಯಲ್ಲಿ ವೀರಗಲ್ಲುಗಳಿವೆ, ಸಿಂಧೂರದ ಕೆಳಗೆ ಕೆತ್ತನೆ ಇದ್ದರೆ ಪುರಾತತ್ತ್ವ ಇಲಾಖೆಯವರು ಬರುತ್ತಾರೆ, ರಸ್ತೆ ಸರಿಯಬೇಕಾಗುತ್ತದೆ ಎಂದೆ. ನೋಡಬೇಕಾದರೆ ಸಿಂಧೂರ ತೆಗೆಯಬೇಕು ಎಂದೂ ಹೇಳಿದೆ. ಯಾರೂ ನನ್ನನ್ನು ಕೇಳಿರಲಿಲ್ಲ.

ಜೀಪಿನಲ್ಲಿ ಸರ್ ಗದರಿದರು. "ಹಂಗ ಆಸೆ ಹಚ್ಚಬ್ಯಾಡವ್ವಾ ಮುದುಕಿಗೆ. ನಿಮ್ಮ ಉಡುಪಿ ಕಡೆ ಭೂತದ ಕಲ್ಲು ಮುಟ್ಟಾಕ ಬಿಡ್ತಿದ್ರೇನು ನಿನ್ನ?"

ಮುಂದಿನ ಮಂಗಳವಾರ ಆಜಿ ತೆಂಗಿನಕಾಯಿ ಒಡೆದು, ಕಲ್ಲಿನ ಮುಂದೆ ಬಹಳ ಹೊತ್ತು ಕೈಮುಗಿದು ಕೂತರು. ಆಮೇಲೆ ಎಣ್ಣೆ ಬಿಸಿಮಾಡಿ ತಾವೇ ಕೆರೆಯತೊಡಗಿದರು. ನನ್ನನ್ನು ಮುಟ್ಟಗೊಡಲಿಲ್ಲ. ಸಿಂಧೂರ ಹೆಂಟೆ ಹೆಂಟೆಯಾಗಿ ಬಿತ್ತು. ಪದರಗಳ ನಡುವೆ ಬೇಗಡೆ ಚೂರು, ಒಂದು ಕಡೆ ಅಕ್ಕಿಕಾಳು. ಕಣ್ಣುಗಳೂ ಕಿತ್ತು ಬಂದವು. ಮಧ್ಯಾಹ್ನದ ಹೊತ್ತಿಗೆ ಉಳಿದದ್ದು ಕರಿಕಲ್ಲು, ಇಲ್ಲಿ ಯಾವ ಹೊಲದಲ್ಲಾದರೂ ಸಿಗುವಂಥದ್ದು.

ಸವೆದ ಕೆತ್ತನೆಯನ್ನು ಹುಡುಕುವಾಗ ಬೆಳಕನ್ನು ಓರೆಯಾಗಿ ಬಿಡುತ್ತೇವೆ. ಕನ್ನಡಿಯಿಂದ ಬಿಸಿಲು ಹಾಯಿಸಿ ನಾಲ್ಕೂ ಮುಖ ನೋಡಿದೆ. ಒಂದು ಬದಿಯಲ್ಲಿ ಬೆರಳಗಲದ ಗೆರೆ. ಅದು ಕತ್ತಿ ಎತ್ತಿದ ತೋಳಾಗಿರಲಿ ಎಂದು ನನಗೆ ಎಷ್ಟು ಬೇಕಾಗಿತ್ತೆಂದರೆ, ಒಂದು ಗಂಟೆ ಅದನ್ನೇ ನೋಡಿದೆ.

"ಕಂಡಿತಾ?"

"ನೋಡ್ತಿದ್ದೀನಿ, ಆಜಿ."

"ನನಗೆ ಕಾಣ್ತಿದೆ. ತೋಳು ಅದು. ಹಾಗೇ ಬರಿ. ಬರೆಯೋಳು ನೀನೇ ತಾನೆ?"

ಸರ್ ಬಗ್ಗಿ ಗೆರೆಯ ಮೇಲೆ ಉಗುರು ಆಡಿಸಿದರು. "ಬಿರುಕು ಅದ," ಎಂದು ನನಗೆ ಮಾತ್ರ ಕೇಳುವಂತೆ ಕನ್ನಡದಲ್ಲಿ ಹೇಳಿದರು. "ನಿನಗೂ ಗೊತ್ತದ."

ಗೊತ್ತಿತ್ತು. ಫಾರ್ಮಿನಲ್ಲಿ 'ಕೆತ್ತನೆ ಇಲ್ಲ' ಎಂದು ಬರೆದೆ. ಅದು ನಿಜ. ಇವತ್ತಿಗೂ ಬೇರೆ ಏನನ್ನೂ ಬರೆಯಲಾರೆ.

ನಾನು ಯೋಚಿಸದೇ ಹೋದದ್ದು ಬೇರೆ. ಸಿಂಧೂರ ಹಾಗೇ ಇದ್ದಿದ್ದರೆ ಆ ಕಲ್ಲನ್ನೇ ಪೂಜೆ ಮಾಡಿ ಎತ್ತಿ ಹೊಸ ಗುಡಿಯಲ್ಲಿ ಇಡುತ್ತಿದ್ದರು. ಈಗ ಊರ ಪೂಜಾರಿ ಬಂದು ನೋಡಿ, ಸಿಂಧೂರದ ಕವಚ ಕಳಚಿದೆ, ದೇವರು ಹೊರಟುಹೋಗಿದ್ದಾನೆ ಎಂದ. ಗುಡಿಗೆ ಹೊಸ ಮೂರ್ತಿ ತರುವುದೆಂದಾಯಿತು. ಆ ಕಲ್ಲು ಇಲಾಖೆಗೂ ಬೇಡ, ಊರಿಗೂ ಬೇಡ. ಆಜಿ ಮತ್ತೆ ಸಿಂಧೂರ ಕಲಸಿದರಂತೆ, ಸೊಸೆ ಕೈ ಹಿಡಿದು ತಡೆದಳಂತೆ.

ಮಳೆಗಾಲ ಮುಗಿದು ಜೆಸಿಬಿ ಬಂದ ದಿನ ನಾನು ಮುಂದಿನ ಹಳ್ಳಿಯ ಸರ್ವೆಗೆ ಹೊರಟಿದ್ದೆ. ಜೀಪು ನಿಲ್ಲಿಸಿ ಇಳಿದೆ. ಆಜಿ ತಮ್ಮ ಮನೆಯ ಮೆಟ್ಟಿಲ ಮೇಲೆ ಕೂತಿದ್ದರು.

"ಏನು ಬರೆದೆ?"

ಹೇಳಿದೆ.

"ಕೆರೆದವಳು ನಾನು," ಎಂದರು. ನನ್ನನ್ನು ಸಮಾಧಾನ ಮಾಡಲು ಹೇಳಿದ್ದಲ್ಲ.

ಜೆಸಿಬಿಯ ಡ್ರೈವರ್ ಕಲ್ಲನ್ನು ಎತ್ತಿ, ಒಡೆದ ಬದುವಿನ ಕಲ್ಲುಗಳ ಜೊತೆ ಟಿಪ್ಪರಿಗೆ ಹಾಕಿದ. ಆಜಿಯೂ ತಡೆಯಲಿಲ್ಲ, ನಾನೂ ತಡೆಯಲಿಲ್ಲ. ಟಿಪ್ಪರ್ ತುಂಬಿದ ಮೇಲೆ ಅದರಲ್ಲಿ ಆ ಕಲ್ಲು ಯಾವುದು ಎಂದು ನನಗೆ ಗುರುತಿಸಲಾಗಲಿಲ್ಲ.