ಇಳಿಯುವ ನೀರಿಗೆ ಹಾಕಿಸಿದ ವಾಲ್ವು

ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಎರಡೋ ಮೂರೋ ವರ್ಷವಾಗಿತ್ತು. ನಾನು ಮೂರ್ನಾಡಿನ ಹತ್ತಿರದ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ವಯಸ್ಸು ಇಪ್ಪತ್ನಾಲ್ಕು, ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಚಿಕ್ಕಮ್ಮನ ಮನೆಯಲ್ಲಿದ್ದು ದಿನಾ ನಡೆದು ಹೋಗಿಬರುತ್ತಿದ್ದೆ.

ಆ ವರ್ಷ ಮಳೆ ಹಿಂದಾದ ಮೇಲೆ ಮಕ್ಕಳು ಹೊಳೆಯಿಂದ ಬೆರಳುದ್ದದ ಮೀನು ಹಿಡಿದು ತಂದರು. ಬಕೆಟ್ಟಿನಲ್ಲಿಟ್ಟರೆ ಮರುದಿನಕ್ಕೆ ಸತ್ತವು. ಮತ್ತೆ ತಂದರು, ಮತ್ತೆ ಸತ್ತವು. ಹರಿಯುವ ನೀರಿನ ಮೀನು, ನಿಂತ ನೀರಿನಲ್ಲಿ ಬದುಕುವುದಿಲ್ಲ ಎಂದು ನಾನು ಪಾಠ ಹೇಳಿದೆ. ಹೇಳಿದ ಮೇಲೆ ಹರಿಯುವ ನೀರು ಮಾಡಿ ತೋರಿಸಬೇಕೆನಿಸಿತು.

ಒಬ್ಬ ವಿದ್ಯಾರ್ಥಿನಿಯ ತಂದೆ ಕಾಫಿ ಎಸ್ಟೇಟಿನ ಮಾಲೀಕರು. ತಮ್ಮಲ್ಲಿ ಸುಮ್ಮನೆ ಬಿದ್ದಿದ್ದ ಪುಟ್ಟ ಮೋಟಾರು ಪಂಪನ್ನು ಶಾಲೆಗೆ ಕೊಟ್ಟರು. ಮೈಸೂರಿನಿಂದ ಗಾಜಿನ ತೊಟ್ಟಿ ಬಂತು. ಪೈಪು ಜೋಡಿಸಲು ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಅವರ ಪಲ್ಪರ್ ಮನೆಯಲ್ಲಿ ಪ್ರತಿವರ್ಷ ಪೈಪಿನ ಕೆಲಸ ಮಾಡುತ್ತಿದ್ದ ಫಿಟ್ಟರನ್ನೇ ಕಳಿಸಿದರು. ಆತ ಮಲಯಾಳಿ, ಐವತ್ತರ ಆಸುಪಾಸು. ಹುಟ್ಟಿದ್ದು ಕಣ್ಣೂರಿನ ಕಡೆ, ಬೆಳೆದದ್ದೆಲ್ಲ ಇಲ್ಲಿನ ಎಸ್ಟೇಟುಗಳ ಕೂಲಿ ಲೈನುಗಳಲ್ಲಿ.

ಆತ ಮಾಡಿದ ಏರ್ಪಾಡು ಸರಳವಾಗಿತ್ತು. ಬೆಂಚಿನ ಮೇಲೆ ಗಾಜಿನ ತೊಟ್ಟಿ. ಅದರ ಕೆಳಗೆ ಮರಳು, ಜಲ್ಲಿ, ಇದ್ದಿಲು ತುಂಬಿದ ಸಿಮೆಂಟು ತೊಟ್ಟಿ. ಮೇಲಿನ ತೊಟ್ಟಿಯೊಳಗೆ ಒಂದು ಪೈಪು ನೆಟ್ಟಗೆ ನಿಂತಿತ್ತು. ನೀರು ಅದರ ಬಾಯಿಯ ಮಟ್ಟಕ್ಕೇರಿದರೆ ಒಳಗೆ ಬಿದ್ದು ಕೆಳಗಿಳಿಯುತ್ತಿತ್ತು, ಇದ್ದಿಲಿನಲ್ಲಿ ಸೋಸಿ ಬಂದದ್ದನ್ನು ಪಂಪು ಮತ್ತೆ ಮೇಲಕ್ಕೆತ್ತುತ್ತಿತ್ತು. ಎಷ್ಟು ಹತ್ತಿತೋ ಅಷ್ಟು ತಾನಾಗಿಯೇ ಇಳಿಯುತ್ತಿತ್ತು. ಯಾರೂ ಏನೂ ನೋಡಿಕೊಳ್ಳಬೇಕಿರಲಿಲ್ಲ. ಇಪ್ಪತ್ತೊಂದು ಮೀನು ಬಿಟ್ಟೆವು. ಮೂರು ದಿನ ಕಳೆದರೂ ಒಂದೂ ಸಾಯಲಿಲ್ಲ.

ತೊಂದರೆ ಶುರುವಾದದ್ದು ಸದ್ದಿನಿಂದ. ನೀರಿನ ಜೊತೆಗೆ ಗಾಳಿಯೂ ಪೈಪಿಗಿಳಿದು ದಿನವಿಡೀ ಗೊಳಗೊಳ ಎನ್ನುತ್ತಿತ್ತು. ಪಕ್ಕದ ಕೋಣೆಯಲ್ಲಿ ಪಾಠ ಮಾಡುತ್ತಿದ್ದ ಹೆಡ್‌ಮಿಸ್ಟ್ರೆಸ್ ಮೂರು ದಿನ ಸಹಿಸಿದರು. ನಾಲ್ಕನೆಯ ದಿನ ಕರೆದು, “ಮುಂದಿನ ತಿಂಗಳು ಇನ್‌ಸ್ಪೆಕ್ಷನ್. ಮೈಸೂರು ಕಡೆಯಿಂದ ಹೊಸಬರು ಬರ್ತಾರೆ. ಈ ಗಲಾಟೆ ನಿಲ್ಲಿಸಿ, ಇಲ್ಲ ಮೀನು ತೆಗೀರಿ,” ಎಂದರು.

ನಾನು ಯೋಚಿಸಿ ಒಂದು ಉಪಾಯ ಕಂಡುಕೊಂಡೆ. ಇಳಿಯುವ ಪೈಪಿಗೊಂದು ವಾಲ್ವು ಹಾಕಿ ಅರ್ಧ ಮುಚ್ಚಿದರೆ ಪೈಪು ನೀರಿನಿಂದಲೇ ತುಂಬಿರುತ್ತದೆ, ಗಾಳಿ ಸೇರುವುದಿಲ್ಲ, ಸದ್ದೂ ಇರುವುದಿಲ್ಲ. ಫಿಟ್ಟರನ್ನು ಕರೆಸಿ ಹೇಳಿದೆ. ಆತ ಬೇಡವೆಂದು ತಲೆಯಾಡಿಸಿದ.

“ಟೀಚರೇ, ಹತ್ತೋ ನೀರಿಗೆ ವಾಲ್ವ್ ಹಾಕುವ. ಇಳಿಯೋ ನೀರಿಗೆ ಬೇಡ.”

“ಸದ್ದು ನಿಲ್ಲಬೇಕಲ್ಲ?”

“ಹಾಕಲೇಬೇಕಾದ್ರೆ ಪಕ್ಕದಲ್ಲಿ ಇನ್ನೊಂದು ಪೈಪ್ ಇಡುವ. ಸ್ವಲ್ಪ ಎತ್ತರಕ್ಕೆ, ವಾಲ್ವ್ ಇಲ್ಲದ್ದು. ಇದು ಕಟ್ಟಿದ್ರೆ ಅದರಲ್ಲಿ ಹೋಗ್ಲಿ. ಒಂದು ಎಲೆ ಸಾಕು ಟೀಚರೇ, ಕಟ್ಟಲಿಕ್ಕೆ.”

ಇನ್ನೊಂದು ಪೈಪಿಗೆ ತೊಟ್ಟಿಯ ತಳದಲ್ಲಿ ಇನ್ನೊಂದು ತೂತು ಕೊರೆಯಬೇಕು, ಮೀನು ತೆಗೆಯಬೇಕು, ಎರಡು ದಿನ ಹಿಡಿಯುತ್ತದೆ. ನನಗೆ ಅಷ್ಟು ತಾಳ್ಮೆ ಇರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಓದಿದವಳು ನಾನು ಎಂಬುದಿತ್ತು. “ಬರುವ ನೀರು, ಹೋಗುವ ನೀರು ಸಮ ಮಾಡಿದರೆ ಆಯಿತು. ಅದು ಲೆಕ್ಕದ ವಿಷಯ, ನಾನು ನೋಡಿಕೊಳ್ತೇನೆ,” ಎಂದೆ. ಆತ ವಾಲ್ವು ಹಾಕಿ ಹೋದ.

ಶನಿವಾರ ಬೆಳಿಗ್ಗೆಯಿಂದ ಅದರ ಮುಂದೆ ಕೂತೆ. ಗಾಜಿನ ಮೇಲೆ ಸೀಮೆಸುಣ್ಣದ ಗೆರೆ ಎಳೆದುಕೊಂಡು, ನೀರು ಏರಿದರೆ ಕೂದಲೆಳೆಯಷ್ಟು ತೆರೆದೆ, ಇಳಿದರೆ ಅಷ್ಟೇ ಮುಚ್ಚಿದೆ. ಮಧ್ಯಾಹ್ನದ ಹೊತ್ತಿಗೆ ನೀರು ಗೆರೆಯ ಮೇಲೆ ನಿಂತಿತು, ಸದ್ದು ಪೂರ್ತಿ ಅಡಗಿತು. ಹೆಡ್‌ಮಿಸ್ಟ್ರೆಸ್ ಬಂದು ನೋಡಿ, “ಶಹಬ್ಬಾಸ್,” ಎಂದರು. ಕೋಣೆಗೆ ಬೀಗ ಹಾಕಿ ಮನೆಗೆ ಹೋದೆ.

ಸೋಮವಾರ ಬಾಗಿಲು ತೆಗೆದಾಗ ಸುಟ್ಟ ವಾಸನೆ ಬಂತು. ನೆಲವೆಲ್ಲ ಒದ್ದೆ. ಪಾಚಿಯೆಳೆಯೊಂದು ವಾಲ್ವಿನಲ್ಲಿ ಸಿಕ್ಕಿಕೊಂಡಿತ್ತು. ಇಳಿಯಲು ದಾರಿ ಸಿಗದೆ ನೀರು ಅಂಚು ದಾಟಿ ಚೆಲ್ಲಿತ್ತು. ಕೆಳಗಿನ ತೊಟ್ಟಿ ಬರಿದಾಗಿ, ಪಂಪು ನೀರಿಲ್ಲದೆ ಓಡಿ ಮೋಟಾರು ಸುಟ್ಟಿತ್ತು. ಕೆಲವು ಮೀನು ನೆಲದ ಮೇಲೆ ಒಣಗಿದ್ದವು. ಉಳಿದವು ನಿಂತ ನೀರಿನಲ್ಲಿ ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಮೇಲ್ಮೈಗೆ ಬಾಯಿ ಹಚ್ಚಿಕೊಂಡು ನಾಲ್ಕು ಮಾತ್ರ ಬದುಕಿದ್ದವು. ಇನ್‌ಸ್ಪೆಕ್ಷನ್‌ಗೆಂದು ಕಪಾಟಿನ ಕೆಳಗಿನ ಅರೆಯಲ್ಲಿ ಜೋಡಿಸಿಟ್ಟಿದ್ದ ಮಕ್ಕಳ ರೆಕಾರ್ಡ್ ಪುಸ್ತಕಗಳ ಶಾಯಿ ಹರಡಿ ನೀಲಿ ಮುದ್ದೆಯಾಗಿತ್ತು. ಒಬ್ಬ ಹುಡುಗಿ ತನ್ನ ಪುಸ್ತಕ ಹಿಡಿದು ಅತ್ತಳು.

ಹೆಡ್‌ಮಿಸ್ಟ್ರೆಸ್ ಫಿಟ್ಟರಿಗೆ ಹೇಳಿಕಳಿಸಿದರು. ಹತ್ತನೇ ಕ್ಲಾಸಿನ ಮಕ್ಕಳೆಲ್ಲ ನಿಂತಿದ್ದ ಹಾಗೆಯೇ, “ನಿನ್ನ ಕೆಲಸವಾ ಇದು?” ಎಂದು ಕೇಳಿದರು.

ಆತ ಪೈಪು ನೋಡಿದ, ವಾಲ್ವು ನೋಡಿದ, ಆಮೇಲೆ ನನ್ನ ಮುಖ ನೋಡಿದ. ನಾನು ನೆಲ ನೋಡಿದೆ.

“ಪೈಪ್ ಹಾಕಿದ್ದು ನಾನೇ,” ಎಂದ. ಅಷ್ಟೇ.

“ಇನ್ನು ಈ ಕಡೆ ಬರೋದು ಬೇಡ.”

ಆತ ಚೀಲ ಎತ್ತಿಕೊಂಡು ಹೋದ. ನಾನು ಮಕ್ಕಳ ಜೊತೆ ನೆಲ ಒರೆಸಿದೆ. ಸಂಜೆ ಹೇಳುತ್ತೇನೆ ಅಂದುಕೊಂಡೆ. ಸಂಜೆಯಾದ ಮೇಲೆ ನಾಳೆ ಎಂದುಕೊಂಡೆ. ಖಾಯಂ ಆಗದ ಕೆಲಸ, ಇನ್‌ಸ್ಪೆಕ್ಷನ್, ಹೆಡ್‌ಮಿಸ್ಟ್ರೆಸ್ ಕೊಟ್ಟ ಶಹಬ್ಬಾಸ್, ಒಂದೊಂದು ದಿನಕ್ಕೆ ಒಂದೊಂದು ನೆಪ ಸಿಕ್ಕಿತು. ಹೀಗೆ ಹನ್ನೊಂದು ದಿನ ಕಳೆದೆ.

ಹನ್ನೊಂದನೆಯ ದಿನ ಎಸ್ಟೇಟ್ ಮಾಲೀಕರ ಮಗಳು ಯಾವುದೋ ಮಾತಿಗೆ, “ನಮ್ಮ ಪಲ್ಪರ್ ಮನೆಗೆ ಬೇರೆ ಫಿಟ್ಟರ್ ಬಂದಿದ್ದಾರೆ ಟೀಚರ್. ಮುಂಚಿನವ್ರು ಶಾಲೆಯ ಮೋಟಾರ್ ಸುಟ್ರಲ್ಲ, ಅದಕ್ಕೆ ಪಪ್ಪ ಬೇಡ ಅಂದ್ರು,” ಎಂದಳು. ಕಾಫಿ ಹಣ್ಣಿನ ಕೊಯ್ಲು ಶುರುವಾಗುವ ಸಮಯ ಅದು. ಪಲ್ಪರ್ ಮನೆಯ ಕೆಲಸ ಕೈತಪ್ಪಿದರೆ ಫಿಟ್ಟರಿಗೆ ಇಡೀ ವರ್ಷ ತಪ್ಪಿದ ಹಾಗೆ.

ಅವತ್ತು ರಾತ್ರಿ ಊಟಕ್ಕೆ ಕೂತೆ, ತಟ್ಟೆಯ ಅನ್ನ ಹಾಗೆಯೇ ಉಳಿಯಿತು. ಚಿಕ್ಕಮ್ಮ ತಟ್ಟೆ ನೋಡಿ, “ಎಂತ ಆತ್ ನಿಂಗೆ? ಸರಿ ಉಣ್ತಿಲ್ಲೆ,” ಎಂದು ಕೇಳಿದರು. ಎಲ್ಲವನ್ನೂ ಹೇಳಿದೆ. ಅವರು ಸಮಾಧಾನ ಹೇಳಲಿಲ್ಲ. ತಟ್ಟೆ ತೆಗೆಯುತ್ತಾ, “ನಂಗೆ ಹೇಳಿರೆ ಎಂತ ಬಂತ್?” ಎಂದರು.

ಭಾನುವಾರ ಎಸ್ಟೇಟಿಗೆ ಹೋದೆ. ಮಾಲೀಕರು ನಿಂತಲ್ಲೇ ನನ್ನ ಮಾತು ಕೇಳಿದರು. ಸಿಟ್ಟಾಗಲಿಲ್ಲ. “ಮೊದಲೇ ಹೇಳಬಾರದಿತ್ತಾ ಟೀಚರ್? ಈಗ ಹೊಸಬನಿಗೆ ಮಾತು ಕೊಟ್ಟಾಯ್ತು. ಮುಂದಿನ ವರ್ಷ ನೋಡುವ,” ಎಂದರು.

ಅಲ್ಲಿಂದ ಫಿಟ್ಟರನ ಮನೆಗೆ ಹೋದೆ. ಆತ ಜಗಲಿಯಲ್ಲಿ ಕೂತು ಯಾರದೋ ಸೈಕಲ್ ಪಂಪು ರಿಪೇರಿ ಮಾಡುತ್ತಿದ್ದ. ನನ್ನನ್ನು ಕಂಡು ಎದ್ದ, ಒಳಗೆ ಕರೆಯಲಿಲ್ಲ.

“ತಪ್ಪು ನನ್ನದು,” ಎಂದೆ. “ಮಾಲೀಕರಿಗೂ ಹೇಳಿ ಬಂದೆ.”

“ನನಗೆ ಗೊತ್ತಲ್ಲ ತಪ್ಪು ಯಾರದ್ದಂತ. ಅವತ್ತು ಅಲ್ಲೇ ಹೇಳ್ತೀರಿ ಅಂತ ನಿಂತೆ.”

ಸೈಕಲ್ ಪಂಪನ್ನು ಮತ್ತೆ ಕೈಗೆತ್ತಿಕೊಂಡು ಆತನೇ, “ಮೀನು ಉಂಟಾ?” ಎಂದು ಕೇಳಿದ.

“ನಾಲ್ಕು. ಕೆಳಗಿನ ತೊಟ್ಟಿಯ ನೀರನ್ನು ದಿನಾ ಕೊಡದಲ್ಲಿ ಎತ್ತಿ ಮೇಲಿನದಕ್ಕೆ ಸುರೀತಿದ್ದೇವೆ. ಮೋಟಾರು ರಿಪೇರಿಗೆ ಹೋಗಿದೆ.”

“ಮೋಟಾರ್ ಬಂದ ಮೇಲೆ ಬರ್ತೇನೆ. ಆದ್ರೆ ಅವತ್ತು ಯಾರೆಲ್ಲ ನಿಂತಿದ್ರೋ ಅವರೆಲ್ಲ ಇರಬೇಕು. ಅವರ ಮುಂದೆ ಹೇಳಿ.”

ಹೇಳಿದೆ. ಹೆಡ್‌ಮಿಸ್ಟ್ರೆಸ್‌ಗೆ ಮೊದಲೇ ತಿಳಿಸಿದ್ದೆ. “ಮಕ್ಕಳ ಮುಂದೆ ಯಾಕೆ? ನಾಳೆ ನಿಮ್ಮ ಮಾತು ಯಾರು ಕೇಳ್ತಾರೆ?” ಎಂದು ಅವರು ತಡೆದಿದ್ದರು. ಆದರೂ ಮೋಟಾರು ಬಂದ ದಿನ ಅವರೆಲ್ಲರ ಮುಂದೆ ನಿಂತೆ. ಏನು ಹೇಳಿದೆನೆಂದು ಪೂರ್ತಿ ನೆನಪಿಲ್ಲ. “ಫಿಟ್ಟರು ಬೇಡವೆಂದಿದ್ದರು, ನಾನೇ ಹಾಕಿಸಿದೆ, ಆಮೇಲೆ ಸುಮ್ಮನಿದ್ದೆ,” ಎಂಬಷ್ಟು ಹೇಳಿದ್ದೇನೆ. ರೆಕಾರ್ಡ್ ಪುಸ್ತಕ ಕಳೆದುಕೊಂಡಿದ್ದ ಹುಡುಗಿ ನನ್ನನ್ನು ದಿಟ್ಟಿಸಿ ನೋಡಿದಳು. ಆ ನೋಟ ಈಗಲೂ ಕಣ್ಣಮುಂದಿದೆ.

ಫಿಟ್ಟರ್ ಎರಡು ದಿನ ಕೂತು ಎರಡನೆಯ ಪೈಪು ಇಟ್ಟ. ಕೊನೆಗೆ ನನ್ನ ಕೈಯಿಂದಲೇ ವಾಲ್ವನ್ನು ಪೂರ್ತಿ ಮುಚ್ಚಿಸಿದ. ನೀರು ಗೆರೆ ದಾಟಿ ಏರಿತು, ಅಂಚಿಗೆ ಇನ್ನು ಎರಡು ಬೆರಳಿರುವಾಗ ಹೊಸ ಪೈಪಿನೊಳಕ್ಕೆ ಬಿದ್ದು ಗೊಳಗೊಳ ಎಂದಿತು.

“ಈ ಸದ್ದು ಕೇಳಿದ್ರೆ ವಾಲ್ವ್ ತೊಳೀರಿ,” ಎಂದು ಮಕ್ಕಳಿಗೆ ಹೇಳಿದ. ನನಗೆ ಹೇಳಲಿಲ್ಲ.

ಇನ್‌ಸ್ಪೆಕ್ಟರು ಬಂದರು, ಮೀನಿನ ಮುಂದೆ ತುಂಬ ಹೊತ್ತು ನಿಂತರು. ಇದನ್ನು ಮಾಡಿದ್ದು ಯಾರೆಂದು ಕೇಳಿದಾಗ ಫಿಟ್ಟರನ ಹೆಸರು ಹೇಳಿದೆ. ಅವರು ತಲೆಯಾಡಿಸಿ, ಪುಸ್ತಕದಲ್ಲಿ ನನ್ನ ಹೆಸರು ಬರೆದುಕೊಂಡರು. ಆ ಬೇಸಿಗೆಯಲ್ಲಿ ನನ್ನ ಕೆಲಸ ಖಾಯಂ ಆಯಿತು.

ಮುಂದಿನ ವರ್ಷ ಮಾಲೀಕರು ಫಿಟ್ಟರಿಗೆ ಹೇಳಿಕಳಿಸಿದರಂತೆ. ಅಷ್ಟರಲ್ಲಿ ಆತ ಸಂಸಾರ ಸಮೇತ ಬಾಳೆಲೆ ಎಂಬ ಊರಿನ ಕಡೆ ಹೋಗಿಯಾಗಿತ್ತು. ವಿರಾಜಪೇಟೆಯ ಬಸ್ಸಿನಲ್ಲಿ ಒಮ್ಮೆ ಆತನ ಹೆಂಡತಿ ಸಿಕ್ಕಿದ್ದರು. “ಅಲ್ಲಿ ಕೆಲಸ ಉಂಟಾ?” ಎಂದು ಕೇಳಿದೆ. “ಉಂಟು,” ಎಂದು ಹೇಳಿ, ಕಿಟಕಿಯ ಕಡೆ ತಿರುಗಿ ಕೂತರು.